ಬಳ್ಳಿಗಾವಿಯಿಂದ ಸೊರಬಕ್ಕೆ: ಹಳೆಯ ಚಿತ್ರಫಲಕಗಳ ಜಾಡಿನಲ್ಲಿ

ಆಷಾಢದಲ್ಲಿ ಶಿಕಾರಿಪುರದಿಂದ ಶಿರಾಳಕೊಪ್ಪದ ಕಡೆ ಹೊರಟರೆ ದಾರಿಯ ಎರಡೂ ಬದಿಗೆ ಮೆಕ್ಕೆಜೋಳವೇ. ಪೈರು ಮೊಣಕಾಲೆತ್ತರ ಬಂದಿರುತ್ತದೆ. ಟ್ರ್ಯಾಕ್ಟರ್ ಬಂದು ಎಷ್ಟೋ ಕಾಲವಾದರೂ ಸಾಲುಗಳ ನಡುವೆ ಎಡೆ ಹೊಡೆಯುವ ಕೆಲಸಕ್ಕೆ ಎತ್ತುಗಳನ್ನೇ ನಂಬಿದ ಹೊಲಗಳು ಇನ್ನೂ ಕಾಣಸಿಗುತ್ತವೆ. ಅಂಥ ಒಂದು ಹೊಲದ ಬದುವಿನಲ್ಲಿ ನಿಂತು ನಾನು ಚೀಲದಿಂದ ಹಾಳೆಗಳ ಕಟ್ಟು ಬಿಚ್ಚಿದೆ. ನಮ್ಮ ನಾಡಿನ ದಿನಬಳಕೆಯ ಬದುಕು, ಕಸುಬು, ಕಲೆಗಳನ್ನು ಅಚ್ಚಿಗೆ ಇಳಿಸಿದ ಹಳೆಯ ಪುಸ್ತಕಗಳ ಚಿತ್ರಫಲಕಗಳ ಪ್ರತಿಗಳವು. ಮೇಲಿನ ಹಾಳೆ ಫ್ರಾನ್ಸಿಸ್ ಬುಕಾನನ್‌ನದು.

ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯ ಮೇಲೆ ಈ ವೈದ್ಯ ಮದ್ರಾಸಿನಿಂದ ಹೊರಟ. ಮೈಸೂರು, ಮಲಬಾರ್, ಕೆನರಾ ಸುತ್ತಿ 1801ರಲ್ಲಿ ಬನವಾಸಿಗೆ ಬಂದ. ಅಲ್ಲಿಂದ ಈಗಿನ ಸೊರಬ ತಾಲೂಕಿನ ಚಂದ್ರಗುತ್ತಿಯನ್ನು ಹಾದು ಇಕ್ಕೇರಿಯತ್ತ ಇಳಿದ. ಅವನ ಪ್ರವಾಸದ ದಿನಚರಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಯಾವ ಮಣ್ಣಿಗೆ ಯಾವ ಬೀಜ, ಎಕರೆಗೆ ಎಷ್ಟು ಇಳುವರಿ, ಆಳಿಗೆ ಎಷ್ಟು ಕೂಲಿ ಎಂಬುದನ್ನೆಲ್ಲ ಕೇಳಿ ಕೇಳಿ ಬರೆದವನು ಅವನು. ಸಂಪುಟಗಳ ನಡುವೆ ತಾಮ್ರದ ತಗಡಿನಲ್ಲಿ ಕೊರೆದು ಒತ್ತಿದ ಚಿತ್ರಗಳಿವೆ: ನೇಗಿಲು, ಕುಂಟೆ, ಕಬ್ಬಿಣ ಕರಗಿಸುವ ಕುಲುಮೆ, ಇಂಥವು. ಗೆರೆ ಬಲು ಶುದ್ಧ. ಬಡಗಿಯ ಕೈಗೆ ಕೊಟ್ಟರೆ ನೋಡಿಕೊಂಡೇ ಮಾಡಿಯಾನು, ಅಷ್ಟು ಒಪ್ಪವಾಗಿದೆ.

ಆದರೆ ಎದುರಿನ ಹೊಲದಲ್ಲಿ ನಡೆಯುತ್ತಿದ್ದುದು ಇನ್ನೂ ದೊಡ್ಡ ಸಂಗತಿ. ನೊಗ, ಈಸು, ದಿಂಡು, ತಾಳು, ಕುಡ ಎಲ್ಲವೂ ಫಲಕದಲ್ಲಿದ್ದಂತೆಯೇ ಇದ್ದವು. ಫಲಕದಲ್ಲಿ ಇಲ್ಲದ್ದು ಎತ್ತುಗಳ ಬಾಯಿಗೆ ಕಟ್ಟಿದ ಕುಕ್ಕೆ. ಅದಿಲ್ಲದಿದ್ದರೆ ಎತ್ತು ಎರಡು ಹೆಜ್ಜೆಗೊಮ್ಮೆ ಎಳೆಯ ಸುಳಿಗೆ ಬಾಯಿ ಹಾಕುತ್ತದೆ, ಎಡೆಯೂ ಸಾಗುವುದಿಲ್ಲ, ಪೈರೂ ಉಳಿಯುವುದಿಲ್ಲ. ಮೇಳಿ ಹಿಡಿದವರು ಸಾಲಿನ ಕೊನೆಗೆ ಬಂದಾಗ ಕುಂಟೆಯನ್ನು ಒಂದು ಕೈಯಲ್ಲಿ ಎತ್ತಿ, ಕುಡಕ್ಕೆ ಸಿಕ್ಕ ಕಳೆಯನ್ನು ಕಾಲಿನಿಂದ ಒದರಿ, ಎತ್ತುಗಳಿಗೆ ಒಂದು ಮಾತು ಹೇಳಿ ತಿರುಗಿಸುತ್ತಿದ್ದರು. ಆ ತಿರುವಿನಲ್ಲಿ ಒಂದು ಗಿಡವೂ ಮುರಿಯಲಿಲ್ಲ. ಕೆಲಸದ ಅರ್ಧ ಜಾಣ್ಮೆ ಅಲ್ಲಿದೆ. ಆ ಜಾಣ್ಮೆಗೆ ತಾಮ್ರದ ತಗಡಿನಲ್ಲಿ ಜಾಗ ಸಿಗಲಿಲ್ಲ.

ಶಿರಾಳಕೊಪ್ಪ ದಾಟಿದ ಕೂಡಲೇ ಬಳ್ಳಿಗಾವಿ. ಬನವಾಸಿ ಪನ್ನಿಚ್ಛಾಸಿರ (ಹನ್ನೆರಡು ಸಾವಿರ) ನಾಡಿನ ರಾಜಧಾನಿಯಾಗಿ ಮೆರೆದ ಊರು ಈಗ ಗದ್ದೆ, ಕೆರೆ, ಹೆಂಚಿನ ಮನೆಗಳ ಹಳ್ಳಿ. ಅಲ್ಲಮಪ್ರಭುವಿನ ಊರು ಇದು. ಅಕ್ಕಮಹಾದೇವಿಯ ಉಡುತಡಿಯೂ ಇದೇ ತಾಲೂಕಿನಲ್ಲಿದೆ. ಕೇದಾರೇಶ್ವರ ಗುಡಿಗೆ ಬರುವವರು ಹೆಚ್ಚು, ಮೂರು ಗರ್ಭಗುಡಿಗಳ ಆ ಗುಡಿ ಅಂದವಾಗಿಯೂ ಇದೆ. ಆದರೆ ನನ್ನ ಹಾಳೆಗಳಿಗೆ ಜೊತೆ ಸಿಕ್ಕಿದ್ದು ತ್ರಿಪುರಾಂತಕೇಶ್ವರದಲ್ಲಿ. 11ನೇ ಶತಮಾನದ ಈ ಗುಡಿ ಹೊರಗಿನಿಂದ ತಗ್ಗಾಗಿ, ಸೊರಗಿದಂತೆ ಕಾಣುತ್ತದೆ. ಹತ್ತಿರ ಹೋಗಿ ಕುಕ್ಕುರುಗಾಲಲ್ಲಿ ಕೂರಬೇಕು. ಜಗಲಿಯ ಕೆಳಸಾಲಿನಲ್ಲಿ, ನಿಂತವರ ಕಣ್ಣಿಗೆ ಬೀಳದಷ್ಟು ಕೆಳಗೆ, ಅಂಗೈಯಗಲದ ಚಿತ್ರಗಳು ಸಾಲಾಗಿ ಓಡುತ್ತವೆ. ಪಂಚತಂತ್ರದ ಕತೆಗಳಿವೆ, ಮಿಥುನಗಳಿವೆ. ದುರ್ಗಸಿಂಹ ಪಂಚತಂತ್ರವನ್ನು ಕನ್ನಡಕ್ಕೆ ತಂದದ್ದು 1031ರಲ್ಲಿ, ಈ ಗುಡಿಯ ಕಾಲದ ಅರಸರಾದ ಕಲ್ಯಾಣ ಚಾಲುಕ್ಯರ ಆಳ್ವಿಕೆಯಲ್ಲಿ. ಓಲೆಗರಿ ಓದಬಲ್ಲವರು ಎಷ್ಟು ಮಂದಿ ಇದ್ದಾರು? ಗುಡಿಯ ಜಗಲಿಯ ಮೇಲೆ ಕಾಲು ಇಳಿಬಿಟ್ಟು ಕೂತ ಮಕ್ಕಳಿಗೂ ಆ ಕತೆ ಈ ಕಲ್ಲಿನಲ್ಲಿ ಸಿಕ್ಕಿತು. ಅಚ್ಚುಕೂಟ ಇಲ್ಲದ ಕಾಲದಲ್ಲಿ ಸಚಿತ್ರ ಪುಸ್ತಕದ ಕೆಲಸವನ್ನು ಈ ಸಾಲು ಮಾಡಿದೆ ಎಂದು ನಾನು ನಂಬುತ್ತೇನೆ.

ಒಳಗೆ ಬಾಗಿಲವಾಡದ ಎರಡೂ ಬದಿಗೆ ಜಾಲಂಧ್ರಗಳು. ಬಳ್ಳಿ ಸುತ್ತಿ ಸುತ್ತಿ ಮೇಲೇರುತ್ತದೆ. ಪ್ರತಿ ಸುತ್ತಿನೊಳಗೆ ಕುಣಿಯುವವರು, ಬಾರಿಸುವವರು. ಮಳೆಗಾಲದ ಮಂದ ಬೆಳಕಿನಲ್ಲಿ ಮೊಬೈಲ್ ದೀಪವನ್ನು ಪಕ್ಕದಿಂದ ಹಿಡಿದರೆ ಒಂದೊಂದು ಮೈಯೂ ಬೇರೆಯಾಗಿ ಎದ್ದು ಬರುತ್ತದೆ. ಎದುರಿನಿಂದ ಹಿಡಿದರೆ ಎಲ್ಲವೂ ಚಪ್ಪಟೆ. ಈ ಬಳ್ಳಿಯನ್ನು ನೆನಪಿಟ್ಟುಕೊಳ್ಳಿ, ಸೊರಬದಲ್ಲಿ ಮತ್ತೆ ಸಿಗುತ್ತದೆ.

ಬಳ್ಳಿಗಾವಿಯ ಕೋಡಿಯಮಠದ 1162ರ ಶಾಸನವನ್ನೂ ಇಲ್ಲಿಯೇ ಹೇಳಬೇಕು. ವೇದ, ವ್ಯಾಕರಣಗಳ ಪಾಠ ಅಲ್ಲಿತ್ತು ಎನ್ನುವಷ್ಟಕ್ಕೆ ಅದು ನಿಲ್ಲುವುದಿಲ್ಲ. ದಿಕ್ಕಿಲ್ಲದವರು, ಕುಂಟರು, ಕುರುಡರು, ಕಿವುಡರು, ಕತೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರು, ಎಲ್ಲರಿಗೂ ಅಲ್ಲಿ ಅನ್ನವಿತ್ತು, ರೋಗಿಗಳಿಗೆ ಮದ್ದಿತ್ತು. ಆ ಪಟ್ಟಿ ಓದಿ ಹೊರಬಂದರೆ ಊರಿನ ಬೀದಿ ತುಂಬಿಕೊಂಡಂತೆ ಅನಿಸುತ್ತದೆ.

ಈ ಶಾಸನಗಳು ಅಚ್ಚಿಗೆ ಹೋದ ದಾರಿಯೂ ಕುತೂಹಲದ್ದು. 1865ರಲ್ಲಿ ಮೈಸೂರು ಸರ್ಕಾರ ಮೇಜರ್ ಡಿಕ್ಸನ್ ಎಂಬ ಸೇನಾಧಿಕಾರಿಯಿಂದ ಬಳ್ಳಿಗಾವಿಯೂ ಸೇರಿದಂತೆ ಹಲವು ಊರುಗಳ ಶಾಸನಗಳ ಫೋಟೋ ತೆಗೆಸಿತು. ಗಾಜಿನ ಫಲಕಕ್ಕೆ ಆಗಲೇ ಮದ್ದು ಬಳಿದು, ಒಣಗುವ ಮುಂಚೆ ಚಿತ್ರ ಹಿಡಿದು ತೊಳೆಯಬೇಕಾದ ಕಾಲ ಅದು. ಕತ್ತಲೆ ಕೋಣೆಯ ಬದಲಿಗೆ ಡೇರೆಯನ್ನೇ ಹೊತ್ತು ತಿರುಗಬೇಕಿತ್ತು. ಆ ಫೋಟೋಗಳನ್ನು ಮುಂದಿಟ್ಟುಕೊಂಡು ಬಿ.ಎಲ್. ರೈಸ್ ಶಾಸನಗಳನ್ನು ಇಂಗ್ಲಿಷಿಗೆ ತಿರುಗಿಸಿ 1879ರಲ್ಲಿ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’ ತಂದರು. ಆಮೇಲೆ ಊರೂರು ಅಲೆದು ಮಾಡಿದ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಶಿಕಾರಿಪುರ ತಾಲೂಕು 7ನೇ ಸಂಪುಟಕ್ಕೂ ಸೊರಬ 8ನೇ ಸಂಪುಟಕ್ಕೂ ಸೇರಿದವು. ಬೆಂಗಳೂರಿನಲ್ಲೇ ಹುಟ್ಟಿದ ರೈಸರ ಋಣ ಕನ್ನಡಿಗರ ಮೇಲೆ ದೊಡ್ಡದಿದೆ. ಆದರೂ ಒಂದು ಕೊರತೆ ನನ್ನನ್ನು ಕಾಡುತ್ತದೆ. ಈ ಎರಡು ತಾಲೂಕುಗಳಲ್ಲಿ ವೀರಗಲ್ಲುಗಳಿಗೆ ಲೆಕ್ಕವಿಲ್ಲ. ಊರ ಮುಂದೆ, ಕೆರೆ ಏರಿಯ ಮೇಲೆ, ಅಡಿಕೆ ತೋಟದ ಬೇಲಿಯಲ್ಲಿ ನಿಂತಿವೆ. ಸಂಪುಟಗಳಲ್ಲಿ ಅವುಗಳ ಅಕ್ಷರ ಬಂತು. ಅದೇ ಕಲ್ಲಿನ ಮೇಲಿದ್ದ ಚಿತ್ರ ಬಹುಪಾಲು ಬರಲೇ ಇಲ್ಲ. ಕೆಳಗಿನ ಪಟ್ಟಿಯಲ್ಲಿ ತುರುಗಳಿಗಾಗಿ ನಡೆದ ಕಾದಾಟ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಶಿವನ ಸನ್ನಿಧಿ. ಆ ಕೆಳಗಿನ ಪಟ್ಟಿಯಲ್ಲೇ ಸಾವಿರ ವರ್ಷದ ಹಿಂದಿನ ನಮ್ಮ ಜನರ ಉಡುಪು, ಕೂದಲ ಗಂಟು, ಬಿಲ್ಲು, ದನದ ಕೊಂಬು ಎಲ್ಲ ಇವೆ. ಓದು ಬಾರದ ಮನೆಯವರೂ ತಮ್ಮ ಸತ್ತವನನ್ನು ಗುರುತಿಸಿದ್ದು ಆ ಚಿತ್ರದಿಂದ.

ತಾಳಗುಂದ ಇಲ್ಲಿಗೆ ಹತ್ತಿರ. ಪ್ರಣವೇಶ್ವರ ಗುಡಿಯ ಎದುರಿನ ಕದಂಬರ ಕಂಬವನ್ನು ನೋಡದೆ ಮುಂದೆ ಹೋಗಬಾರದು. ಅಕ್ಷರವನ್ನೇ ಚಿತ್ರದಂತೆ ಕೊರೆದ ಕಂಬ ಅದು. ಆ ಕಾವ್ಯ ಕಟ್ಟಿದ ಕುಬ್ಜ ತನ್ನ ಹೆಸರನ್ನು ಕಲ್ಲಿನಲ್ಲೇ ಉಳಿಸಿದ್ದಾನೆ.

ಹೆಸರಿನ ಮಾತು ಬಂದದ್ದಕ್ಕೆ ಕಾರಣವಿದೆ. ಬೇಲೂರಿನ ಚೆನ್ನಕೇಶವನ ಮದನಿಕೆಯರ ಕೆಳಗೆ ಹೆಸರು ಕೊರೆದ ಶಿಲ್ಪಿಗಳಲ್ಲಿ ದಾಸೋಜ ಮತ್ತು ಅವನ ಮಗ ಚಾವಣ ಪ್ರಸಿದ್ಧರು. ಇಬ್ಬರೂ ಇದೇ ಬಳ್ಳಿಗಾವಿಯವರು. 12ನೇ ಶತಮಾನದ ಕುಶಲಿಗ, ಅರಸನ ಗುಡಿಯಲ್ಲಿ, ತನ್ನ ಕೆಲಸದ ಕೆಳಗೆ ತನ್ನ ಹೆಸರನ್ನೂ ಊರನ್ನೂ ಬರೆದ. ಈಗ ನನ್ನ ಚೀಲದ ಮತ್ತೊಂದು ಹಾಳೆ ನೋಡಿ. 1884ರಲ್ಲಿ ಶುರುವಾದ ‘ಜರ್ನಲ್ ಆಫ್ ಇಂಡಿಯನ್ ಆರ್ಟ್’ ಪತ್ರಿಕೆಯ ಬಣ್ಣದ ಫಲಕ. ಲಂಡನ್ನಿನ ವಿಲಿಯಂ ಗ್ರಿಗ್ಸ್ ಫೋಟೋ ಮತ್ತು ಕಲ್ಲಚ್ಚು ಎರಡನ್ನೂ ಬೆಸೆದು ಒತ್ತುತ್ತಿದ್ದ ಈ ಫಲಕಗಳಲ್ಲಿ ನೇಯ್ಗೆಯ ಎಳೆ ಎಣಿಸಬಹುದು, ಲೋಹದ ಹೊಳಪು ಕಾಣಬಹುದು. ಅಂಚಿನಲ್ಲಿ ಗ್ರಿಗ್ಸ್ ಹೆಸರಿದೆ. ತಾಮ್ರದಚ್ಚಿನ ಕಾಲದಲ್ಲೂ ಎಡಮೂಲೆಯಲ್ಲಿ ಬಿಡಿಸಿದವನ ಹೆಸರು, ಬಲಮೂಲೆಯಲ್ಲಿ ಕೊರೆದವನ ಹೆಸರು ಹಾಕುವುದು ಯೂರೋಪಿನ ವಾಡಿಕೆ. ವಸ್ತುವನ್ನು ಮಾಡಿದವನ ಹೆಸರಿಗೆ ಮಾತ್ರ ಎಷ್ಟೋ ಫಲಕಗಳಲ್ಲಿ ಮೂಲೆ ಇರಲಿಲ್ಲ. ಅವನು ‘ಮೈಸೂರು ಕೆಲಸ’, ‘ಮದ್ರಾಸು ಕೆಲಸ’ ಎಂಬ ಎರಡು ಮಾತಿನೊಳಗೆ ಕರಗಿಹೋದ. ಫಲಕಗಳನ್ನು ಮೆಚ್ಚುತ್ತಲೇ ಇದನ್ನು ನಾನು ಅನ್ಯಾಯವೆನ್ನುತ್ತೇನೆ.

ಆ ಅನ್ಯಾಯಕ್ಕೆ ಸಿಕ್ಕವರಲ್ಲಿ ಸೊರಬದ ಗುಡಿಗಾರರೂ ಸೇರಿದ್ದಾರೆ. ದಂಡಾವತಿ ದಂಡೆಯ ಈ ಪುಟ್ಟ ಪಟ್ಟಣಕ್ಕೆ ಗಂಧದ ಕೆತ್ತನೆಯೇ ಹೆಸರು ತಂದದ್ದು. ಗೋವೆಯ ಕಡೆಯಿಂದ ಹಿರಿಯರು ಬಂದರು ಎಂಬ ನಂಬಿಕೆ ಗುಡಿಗಾರರಲ್ಲಿದೆ. ರೈಸರು ತಮ್ಮ ಗೆಝೆಟಿಯರಿನಲ್ಲಿ ಈ ಕಸುಬಿಗೆ ಒಳ್ಳೆಯ ಜಾಗ ಕೊಟ್ಟಿದ್ದಾರೆ. ಹೆಣೆದುಕೊಂಡ ಎಲೆಬಳ್ಳಿ, ನಡುವೆ ದೇವತೆಗಳು, ಪ್ರಾಣಿಗಳು, ಒಂದಿಷ್ಟೂ ಬಯಲು ಬಿಡದ ಕೆತ್ತನೆ. ಅಂಥ ಪೆಟ್ಟಿಗೆ, ಕರಂಡಕಗಳು ದೊರೆಗಳ ಕಾಣಿಕೆಯಾಗಿ, ಪ್ರದರ್ಶನದ ವಸ್ತುವಾಗಿ ಕಡಲು ದಾಟಿದವು.

ಗುಡಿಗಾರರ ಕೆಲಸದ ಕೋಣೆಯಲ್ಲಿ ಕೂತು ನೋಡಿದ್ದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಉಜ್ಜುಗೊರಡು ಹಾಕಿ ನುಣುಪು ಮಾಡಿದ ಹಲಗೆಯ ಮೇಲೆ ಕಾಗದ ಅಂಟಿಸಿತ್ತು. ಕಾಗದದ ಮೇಲೆ ಪೆನ್ಸಿಲಿನ ಬಳ್ಳಿ. ಹಿರಿಯರು ಬೆರಳಿಗಿಂತ ಸಪೂರವಾದ ಉಳಿಯಿಂದ ಕಾಗದದ ಸಮೇತ ಗೆರೆಯನ್ನು ಕಡಿದು, ಗೆರೆಯ ಹೊರಗಿನ ಮರವನ್ನು ತಗ್ಗಿಸುತ್ತ ಬಂದರು. ಕೊಡತಿಯ ಪೆಟ್ಟು ಮೊದಮೊದಲು ಕೇಳಿಸುತ್ತದೆ, ಆಮೇಲೆ ಬರೀ ಅಂಗೈಯ ಒತ್ತು. ಉಳಿ ಮೊಂಡಾಯಿತೆಂದು ಕಣ್ಣಿಗೆ ತಿಳಿಯುವ ಮೊದಲೇ ಕೈಗೆ ತಿಳಿಯುತ್ತದೆ. ಸಾಣೆಕಲ್ಲಿಗೆ ನಾಲ್ಕು ಬಾರಿ ಉಜ್ಜಿ ಮತ್ತೆ ಅದೇ ಎಲೆಗೆ. ಎಲೆಯ ನರ ಕೊನೆಗೆ. ಅದಕ್ಕೊಂದು ಬೇರೆಯೇ ಉಳಿ, ಸೂಜಿಯ ಅಣ್ಣನಷ್ಟು.

ಲಂಡನ್ನಿನ ಸಚಿತ್ರ ವಾರಪತ್ರಿಕೆಗಳಿಗೆ ಮರದ ಬ್ಲಾಕ್ ಕೊರೆಯುತ್ತಿದ್ದವರೂ ಮೊದಲ ಹೆಜ್ಜೆ ಹೀಗೆಯೇ ಇಡುತ್ತಿದ್ದರು. ಗಟ್ಟಿಯಾದ ಮರದ ಅಡ್ಡಕೊಯ್ತದ ತುಂಡಿಗೆ ಬಿಳಿ ಬಳಿದು, ಅದರ ಮೇಲೆ ಚಿತ್ರ ಬಿಡಿಸಿ, ಗೆರೆ ಉಳಿಸಿಕೊಂಡು ಸುತ್ತಲಿನ ಮರ ಕಳೆಯುವುದು. ಅಲ್ಲಿಂದಾಚೆಗೆ ದಾರಿ ಬೇರೆ. ಅವರ ಬ್ಲಾಕಿಗೆ ಮಸಿ ಬಿದ್ದು ಸಾವಿರಾರು ಪ್ರತಿ ಬಂತು. ಸೊರಬದ ಹಲಗೆ ಒಂದೇ ಒಂದಾಗಿ ಉಳಿಯಿತು. ಕೈಚಳಕದಲ್ಲಿ ಇಬ್ಬರಿಗೂ ಹೆಚ್ಚು ಕಡಿಮೆ ಇಲ್ಲ. ಒಬ್ಬರ ಹೆಸರು ಅಚ್ಚಿನ ಬುಡದಲ್ಲಿ ನಿಂತಿತು, ಇನ್ನೊಬ್ಬರ ಹೆಸರು ಮನೆಯವರ ಬಾಯಲ್ಲಿ ಮಾತ್ರ.

ಗ್ರಿಗ್ಸ್‌ನ ಫಲಕವನ್ನು ಹಿರಿಯರ ಕೈಗೆ ಕೊಟ್ಟೆ. ಕನ್ನಡಕ ಹಣೆಗೇರಿಸಿ, ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

“ಚೆನ್ನಾಗಿ ತೆಗೆದಿದಾರೆ. ಆದ್ರೆ ಆಳ ಗೊತ್ತಾಗಲ್ಲ ನೋಡಿ. ಎಷ್ಟು ಆಳಕ್ಕೆ ಹೋಗಿದಾನೆ ಅಂತ ಗೊತ್ತಾದ್ರೆ ಮಾಡಿದೋನ ಕೈ ಹೆಂಗಿತ್ತು ಅಂತ ಹೇಳಬಹುದು.”

“ನೀವು ಹೆಸರು ಹಾಕ್ತೀರಾ ಯಜಮಾನ್ರೇ?” ಎಂದೆ.

“ಹಿಂದೆ ಯಾರೂ ಹಾಕ್ತಿರಲಿಲ್ಲ. ಈಗ ನನ್ ಮಗ ಹಾಕ್ತಾನೆ, ಅಡಿಯಲ್ಲಿ, ಸಣ್ಣದಾಗಿ.”

ಅವರ ಮುಂದಿದ್ದ ಹಲಗೆ ಗಂಧದ್ದಲ್ಲ, ಶಿವನೆಯದು. ಗಂಧ ಬಹುಕಾಲ ಸರ್ಕಾರದ ಸ್ವತ್ತಾಗಿತ್ತು. ಹಿತ್ತಲಲ್ಲಿ ಹುಟ್ಟಿದ ಮರವೂ ಮನೆಯವರದ್ದಾಗಿರಲಿಲ್ಲ. ಬೆಳೆದವನೇ ಒಡೆಯ ಎಂದು ಕರ್ನಾಟಕದ ಕಾನೂನು ಬದಲಾದದ್ದು 2001ರಲ್ಲಿ. ಅಷ್ಟರಲ್ಲಿ ಕಾಡಿನ ಗಂಧ ಬಹುತೇಕ ಕಳ್ಳರ ಪಾಲಾಗಿತ್ತು. ಈಗ ಗಂಧ ಅಪರೂಪ, ಸಿಕ್ಕರೂ ದುಬಾರಿ. ಶಿವನೆ ಹಗುರ, ಉಳಿಗೆ ಒಗ್ಗುತ್ತದೆ, ಆದರೆ ಗಂಧದಷ್ಟು ಸಣ್ಣ ಗೆರೆಯನ್ನು ತಾಳಿಕೊಳ್ಳುವುದಿಲ್ಲ. ಮದುವೆ ಕಾಲಕ್ಕೆ ಬೆಂಡಿನ ಬಾಸಿಂಗ, ಚೌತಿಗೆ ಮಣ್ಣಿನ ಗಣಪತಿ, ಉಳಿದಂತೆ ಮರ: ಗುಡಿಗಾರರ ವರ್ಷ ಹೀಗೆ ಸಾಗುತ್ತದೆ. ಹಲಗೆಯ ಬಳ್ಳಿಯನ್ನು ನೋಡುತ್ತ ಕೂತರೆ ತ್ರಿಪುರಾಂತಕದ ಜಾಲಂಧ್ರ ನೆನಪಾಗದೆ ಇರದು. ಸುತ್ತು ಹಾಕಿ ಒಳಗೊಂದು ಜೀವವನ್ನು ಕೂರಿಸುವ ಅದೇ ರೀತಿ. ಕಲ್ಲಿನವರಿಗೂ ಮರದವರಿಗೂ ವಂಶದ ನಂಟಿದೆ ಎಂದು ನಾನು ಹೇಳುತ್ತಿಲ್ಲ. ಒಂದೇ ಸೀಮೆಯ ಕಣ್ಣು ಒಂದೇ ಬಗೆಯ ಅಂದವನ್ನು ಮೆಚ್ಚಿದೆ.

ಸೊರಬ, ಸಾಗರದ ಹಳ್ಳಿಗಳಲ್ಲಿ ದೀವರ ಹೆಣ್ಣುಮಕ್ಕಳು ಬರೆಯುವ ಚಿತ್ತಾರವನ್ನು ನೋಡದೆ ಈ ಸುತ್ತಾಟ ಮುಗಿಸಲಾಗದು. ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ. ಕುಂಚವೆಂದರೆ ಪುಂಡಿನಾರಿನ ತುದಿ. ಮದುವೆ ಮನೆಯ ಹಸೆಗೋಡೆಯಲ್ಲಿ ದಂಡಿಗೆ, ತೇರು, ಭತ್ತದ ತೆನೆ, ವಾಲಗದವರು ಎಲ್ಲರೂ ಗೆರೆಗಳಾಗಿ ನಿಲ್ಲುತ್ತಾರೆ. ನೇರಗೆರೆ ಎಳೆಯುವ ಕೈ ಮಧ್ಯೆ ಉಸಿರು ಬಿಡುವುದಿಲ್ಲ, ಗಮನಿಸಿ ನೋಡಿದರೆ ತಿಳಿಯುತ್ತದೆ. ಈಚೆಗೆ ಚಿತ್ತಾರ ಗೋಡೆಯಿಂದ ಕಾಗದಕ್ಕೂ ಬಟ್ಟೆಗೂ ಇಳಿದಿದೆ, ಪುಸ್ತಕಗಳಲ್ಲೂ ಅಚ್ಚಾಗುತ್ತಿದೆ. ಅಚ್ಚು ಹಾಕಿಸುವವರು ಚಿತ್ರದ ಬುಡದಲ್ಲಿ ಬರೆದ ಹೆಣ್ಣುಮಗಳ ಹೆಸರನ್ನೂ ಅವಳ ಹಳ್ಳಿಯ ಹೆಸರನ್ನೂ ಹಾಕಲಿ. ದಾಸೋಜನ ಊರಿನ ನೆರೆಯಲ್ಲಿ ಇದನ್ನು ಯಾರಿಗೂ ಹೊಸದಾಗಿ ಕಲಿಸಬೇಕಿಲ್ಲ.

ನೋಡಲು ಬರುವವರು ಭೂಮಿ ಹುಣ್ಣಿಮೆಯ ಹಿಂದುಮುಂದು ಬನ್ನಿ. ಆಗ ಬಸುರಿ ಭೂಮಿಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಗಳ ಮೇಲೆ ಹೊಸ ಚಿತ್ತಾರ ಇರುತ್ತದೆ. ಬೆಳಗಾಗುವ ಮೊದಲೇ ಬುಟ್ಟಿ ಗದ್ದೆಗೆ ಹೊರಡುತ್ತದೆ, ಆದ್ದರಿಂದ ಹಿಂದಿನ ಸಂಜೆಯೇ ಊರು ಸೇರಿಕೊಳ್ಳುವುದು ಒಳ್ಳೆಯದು.