ಕಾರಿನಲ್ಲಿ ಕಟ್ಟದ ಸಾಮಾನು

ರಜೆಯಲ್ಲಿ ಊರಿನಿಂದ ಹಿಂದಿರುಗುವ ಕಾರುಗಳನ್ನು ನೋಡಿದ್ದೀರಲ್ಲ? ಹಿಂದಿನ ಗಾಜಿನ ಬಳಿ ತೆಂಗಿನಕಾಯಿ, ಸೀಟಿನ ಮೇಲೆ ಅಕ್ಕಿ ಚೀಲ, ಕಾಲ ಬಳಿ ನೀರಿನ ಬಾಟಲಿ. ಅಪಘಾತದಲ್ಲಿ ಕಾರು ತಟ್ಟನೆ ನಿಂತರೂ ಈ ಸಾಮಾನುಗಳು ನಿಲ್ಲುವುದಿಲ್ಲ. ಅದೇ ವೇಗದಲ್ಲಿ ಮುಂದಕ್ಕೆ ನುಗ್ಗಿ ಕುಳಿತವರ ತಲೆ, ಕುತ್ತಿಗೆಗೆ ಬಡಿಯುತ್ತವೆ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಬರುವ ತೆಂಗಿನಕಾಯಿಯ ಹೊಡೆತ, ಸುಮಾರು 32 ಅಡಿ ಎತ್ತರದ ಮರದಿಂದ ಬಿದ್ದ ಕಾಯಿಯ ಹೊಡೆತಕ್ಕೆ ಸಮ!

ಭಾರದ ಸಾಮಾನನ್ನು ಡಿಕ್ಕಿಯ ತಳದಲ್ಲಿ, ಹಿಂದಿನ ಸೀಟಿಗೆ ಒತ್ತಿ ಇಡಿ. ಹಗುರವಾದದ್ದು ಮೇಲಿರಲಿ. ಡಿಕ್ಕಿಗೆ ಗೋಡೆಯಿಲ್ಲದ ಕಾರಿನಲ್ಲಿ ಸಾಮಾನಿನ ರಾಶಿ ಸೀಟಿನ ಬೆನ್ನಿಗಿಂತ ಎತ್ತರವಾಗದಿರಲಿ, ಬಿಗಿಯಾಗಿ ಕಟ್ಟಿ. ಚಾಲಕರ ಕಾಲ ಬಳಿ ಬಾಟಲಿ ಬೇಡ. ಅದು ಉರುಳಿ ಬ್ರೇಕಿನ ಅಡಿಗೆ ಸಿಕ್ಕಿಕೊಂಡೀತು.

ಬೆಲ್ಟ್ ಹಾಕದ ಮನುಷ್ಯನೂ ಕಟ್ಟದ ಸಾಮಾನಿನಂತೆಯೇ. ಹಿಂದೆ ಕುಳಿತವರು ಮುಂದಿನವರ ಮೇಲೆ ಎರಗಿದರೆ ಇಬ್ಬರಿಗೂ ಅಪಾಯ. ಆದ್ದರಿಂದ ಎಲ್ಲರೂ ಬೆಲ್ಟ್ ಹಾಕಿ; ಕಾನೂನು ಹೇಳುವುದೂ ಇದನ್ನೇ. ಕೆಳಪಟ್ಟಿ ಸೊಂಟದ ಮೂಳೆಯ ಮೇಲಿರಲಿ. ಹೊಟ್ಟೆಯ ಮೇಲಿದ್ದರೆ ಒಳಗಿನ ಕರುಳಿಗೆ ಪೆಟ್ಟಾಗಬಹುದು. ಗರ್ಭಿಣಿಯರು ಅದನ್ನು ಹೊಟ್ಟೆಯ ಕೆಳಗೆ ಹಾಕಿಕೊಳ್ಳಬೇಕು. ತಲೆಯ ಹಿಂದಿನ ದಿಂಬನ್ನು ನೆತ್ತಿಯ ಮಟ್ಟಕ್ಕೆ ಏರಿಸಿ. ಹಿಂದಿನಿಂದ ವಾಹನ ಗುದ್ದಿದಾಗ ಕುತ್ತಿಗೆ ಉಳುಕದಂತೆ ತಡೆಯುವುದು ಅದೇ.

ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಮುಂದೆ ಕೂರಬೇಡಿ. ಅಪಘಾತದ ಕ್ಷಣದಲ್ಲಿ ತಾಯಿಯ ಕೈ ಎಷ್ಟೇ ಗಟ್ಟಿಯಾಗಿದ್ದರೂ ಮಗು ನಿಲ್ಲದು. ಏರ್‌ಬ್ಯಾಗ್ ಕೂಡ ಮಗುವಿಗೇ ಬಡಿಯುತ್ತದೆ. ಹಿಂದಿನ ಸೀಟಿನಲ್ಲಿ ಬಿಗಿದ ಮಕ್ಕಳ ಆಸನವೇ ಮಗುವಿಗೆ ಸುರಕ್ಷಿತ ಜಾಗ.