ಜಲ್ಲಿ ದಾರಿಯ ಸೈಕಲ್, ಡಾಂಬರಿನ ಸೈಕಲ್

1913ರ ಜುಲೈ ತಿಂಗಳು. ಫ್ರಾನ್ಸ್ ಮತ್ತು ಸ್ಪೇನ್ ನಡುವಣ ಪಿರೆನೀಸ್ ಪರ್ವತಗಳಲ್ಲಿ ಟೂರ್ ದ ಫ್ರಾನ್ಸ್ ಸೈಕಲ್ ಪಂದ್ಯ ಸಾಗಿತ್ತು. ಮುಂಚೂಣಿಯಲ್ಲಿದ್ದ ಯೂಜೀನ್ ಕ್ರಿಸ್ತೋಫ್ ಟೂರ್ಮಲೆ ಘಟ್ಟ ಇಳಿಯುತ್ತಿದ್ದಾಗ ಆತನ ಸೈಕಲಿನ ಮುಂದಿನ ಫೋರ್ಕು ಮುರಿಯಿತು. ಸವಾರ ಯಾರ ನೆರವನ್ನೂ ಪಡೆಯುವಂತಿಲ್ಲ ಎಂಬುದು ಪಂದ್ಯದ ಕಟ್ಟುನಿಟ್ಟಾದ ನಿಯಮ. ಕ್ರಿಸ್ತೋಫ್ ಸೈಕಲನ್ನು ಹೊತ್ತು ಹತ್ತು ಕಿಲೋಮೀಟರಿಗೂ ಹೆಚ್ಚು ದೂರ ನಡೆದು, ಸಾಂತ್ ಮರಿ ದ ಕಾಂಪಾನ್ ಎಂಬ ಹಳ್ಳಿಯ ಕುಲುಮೆ ಸೇರಿದ. ಕಮ್ಮಾರ ಕೈ ಹಚ್ಚುವಂತಿರಲಿಲ್ಲ. ಕ್ರಿಸ್ತೋಫ್ ತಾನೇ ಕಬ್ಬಿಣ ಕಾಯಿಸಿ, ಬಡಿದು, ಫೋರ್ಕನ್ನು ಬೆಸೆದ. ಗಂಟೆಗಳೇ ಉರುಳಿದವು. ಸಾಲದೆಂಬಂತೆ, ತಿದಿ ಒತ್ತಲು ಒಬ್ಬ ಹುಡುಗನ ಸಹಾಯ ಪಡೆದನೆಂದು ಅಧಿಕಾರಿಗಳು ದಂಡವನ್ನೂ ವಿಧಿಸಿದರು. ಗೆಲ್ಲಬಹುದಾಗಿದ್ದ ಪಂದ್ಯದಲ್ಲಿ ಆತ ಕೊನೆಗೆ ಏಳನೆಯವನಾದ.

ಕ್ರಿಸ್ತೋಫನ ಆ ಸೈಕಲನ್ನು ಇಂದಿನ ಅಂಗಡಿಯಾತ ಯಾವ ಸಾಲಿನಲ್ಲಿ ನಿಲ್ಲಿಸಿಯಾನು? ಈಗ ಅಂಗಡಿಗಳಲ್ಲಿ ಎರಡು ಸಾಲುಗಳಿವೆ. ಒಂದು, ನುಣುಪಾದ ಡಾಂಬರು ರಸ್ತೆಯಲ್ಲಿ ವೇಗವಾಗಿ ಓಡುವ ರೋಡ್ ಸೈಕಲ್. ಇನ್ನೊಂದು, ಜಲ್ಲಿ ಮತ್ತು ಮಣ್ಣಿನ ದಾರಿಗೂ ಒಗ್ಗುವ ಗ್ರ್ಯಾವೆಲ್ ಸೈಕಲ್. ಎರಡಕ್ಕೂ ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿದ ಹ್ಯಾಂಡಲ್. ದೂರದಿಂದ ನೋಡಿದರೆ ಅಣ್ಣತಮ್ಮಂದಿರು. ಒಂದನ್ನಷ್ಟೇ ಕೊಳ್ಳುವಷ್ಟು ಹಣ, ಒಂದನ್ನಷ್ಟೇ ನಿಲ್ಲಿಸುವಷ್ಟು ಜಾಗ ಇರುವಾತ ಸಹಜವಾಗಿಯೇ ಕೇಳುತ್ತಾನೆ: ಎರಡನೆಯದನ್ನು ಕೊಂಡರೆ ಮೊದಲನೆಯದರ ಕೆಲಸವೂ ಆದೀತೆ? ಇದಕ್ಕೆ ಉತ್ತರ ಸೈಕಲಿನ ಚರಿತ್ರೆಯಲ್ಲಷ್ಟೇ ಅಲ್ಲ, ರಸ್ತೆಯ ಚರಿತ್ರೆಯಲ್ಲೂ ಇದೆ.

1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ತಯಾರಿಸಿದ ರೋವರ್, ಇಂದಿನ ಸೈಕಲಿನ ನೇರ ಪೂರ್ವಜ. ಹೆಚ್ಚುಕಡಿಮೆ ಒಂದೇ ಗಾತ್ರದ ಎರಡು ಚಕ್ರಗಳು, ಹಿಂದಿನ ಚಕ್ರವನ್ನು ತಿರುಗಿಸುವ ಚೈನು ಅದರ ವಿಶೇಷ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ. ಆಗ ಒಳ್ಳೆಯ ರಸ್ತೆಯೆಂದರೆ ಸ್ಕಾಟ್ಲೆಂಡಿನ ಮೆಕಾಡಮ್ ತೋರಿಸಿಕೊಟ್ಟ ಕ್ರಮದಲ್ಲಿ ಒಡೆದ ಕಲ್ಲುಗಳನ್ನು ಪದರ ಪದರವಾಗಿ ಹಾಸಿದ ದಾರಿ. ಟಾರು ಬೆರೆಸಿದ ಜಲ್ಲಿಗೆ ಇಂಗ್ಲೆಂಡಿನ ಎಡ್ಗರ್ ಹೂಲಿ ಪೇಟೆಂಟ್ ಪಡೆದದ್ದು 1902ರಲ್ಲಿ. ಮರುವರ್ಷ ನಡೆದ ಮೊದಲ ಟೂರ್ ದ ಫ್ರಾನ್ಸ್‌ನ ಸವಾರರು ಆರು ಹಂತಗಳಲ್ಲಿ 2,428 ಕಿ.ಮೀ. ಕ್ರಮಿಸಿದರು, ಅದರಲ್ಲಿ ಬಹುಪಾಲು ಜಲ್ಲಿ ಮತ್ತು ಧೂಳಿನ ದಾರಿಯೇ. ಅಂದರೆ ಆ ಕಾಲದಲ್ಲಿ ರಸ್ತೆಯ ಸೈಕಲ್ ಮತ್ತು ಜಲ್ಲಿಯ ಸೈಕಲ್ ಬೇರೆ ಬೇರೆಯಾಗಿರಲೇ ಇಲ್ಲ.

ನುಣುಪಾದ ರಸ್ತೆ ಬೇಕೆಂದು ಮೊದಲು ಹಟ ಹಿಡಿದವರಲ್ಲಿ ಸೈಕಲ್ ಸವಾರರೂ ಇದ್ದರು. 1880ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಸೈಕಲ್ ಸವಾರರ ಸಂಘ, ಮೋಟಾರು ಕಾರು ಬೀದಿಗಿಳಿಯುವ ಮೊದಲೇ ಉತ್ತಮ ರಸ್ತೆಗಳಿಗಾಗಿ ಚಳವಳಿ ನಡೆಸಿತು. ರಸ್ತೆಗಳು ಕ್ರಮೇಣ ಸುಧಾರಿಸಿದವು. ಹಾಗೆ ಸುಧಾರಿಸಿದ ರಸ್ತೆ ತಿರುಗಿ ಸೈಕಲನ್ನೇ ಬದಲಿಸಿತು. ಟೈರು ತೆಳುವಾಯಿತು, ಗಾಳಿಯ ಒತ್ತಡ ಏರಿತು. 1990ರ ದಶಕಕ್ಕೆ ಬರುವ ಹೊತ್ತಿಗೆ ವೃತ್ತಿನಿರತ ಸ್ಪರ್ಧಿಗಳ ಟೈರಿನ ಅಗಲ ಸುಮಾರು 23 ಮಿಲಿಮೀಟರಿಗೆ, ಒಂದು ಬೆರಳಿನಷ್ಟಕ್ಕೆ, ಇಳಿದಿತ್ತು. ಅದಕ್ಕಿಂತ ಬಹಳ ದಪ್ಪದ ಟೈರು ಹಿಡಿಸದಂತೆ ಫೋರ್ಕಿನ ಸಂದೂ ಕಿರಿದಾಯಿತು. ರಸ್ತೆಯ ಸೈಕಲ್ ಡಾಂಬರಿನ ಸೈಕಲ್ ಆದದ್ದು ಹೀಗೆ.

ಇಲ್ಲಿ ಒಂದು ಹೋಲಿಕೆ ಕುತೂಹಲಕರ. ಕರ್ನಾಟಕದ ಹಳ್ಳಿಗಳಲ್ಲಿ ಅಂಚೆಯವರು, ಹಾಲು ಮಾರುವವರು ತುಳಿದ ಕಪ್ಪು ಸೈಕಲಿನ ಟೈರಿನ ಮೇಲೆ 28 × 1½ ಎಂಬ ಅಂಕಿ ಇರುತ್ತಿತ್ತು. ಒಂದೂವರೆ ಇಂಚೆಂದರೆ ಸುಮಾರು 38 ಮಿಲಿಮೀಟರು. ಇಂದಿನ ಗ್ರ್ಯಾವೆಲ್ ಸೈಕಲುಗಳಲ್ಲಿ ಸಾಮಾನ್ಯವಾಗಿ ಕಾಣುವ ಟೈರಿನ ಅಗಲ 38ರಿಂದ 45 ಮಿಲಿಮೀಟರು. ಹೊಸದೆಂದು ಮಾರಾಟವಾಗುತ್ತಿರುವ ಈ ಅಗಲ ಹಾಲಿನ ಕ್ಯಾನುಗಳ ಭಾರವನ್ನು ಎಂದೋ ಹೊತ್ತು ಓಡಾಡಿತ್ತು.

ಗ್ರ್ಯಾವೆಲ್ ಸವಾರಿ ಒಂದು ಪ್ರತ್ಯೇಕ ಕ್ರೀಡೆಯಾಗಿ ಬೆಳೆದದ್ದು ಅಮೆರಿಕದಲ್ಲಿ. ಕಾನ್ಸಸ್ ರಾಜ್ಯದ ಎಂಪೋರಿಯಾ ಪಟ್ಟಣದ ಸುತ್ತಲಿನ ಜಲ್ಲಿ ರಸ್ತೆಗಳಲ್ಲಿ 2006ರಲ್ಲಿ ಆರಂಭವಾದ 200 ಮೈಲಿ, ಅಂದರೆ ಸುಮಾರು 320 ಕಿ.ಮೀ. ದೂರದ ಪಂದ್ಯ ಇಂದು ಅನ್‌ಬೌಂಡ್ ಗ್ರ್ಯಾವೆಲ್ ಎಂಬ ಹೆಸರಿನಲ್ಲಿ ಪ್ರಸಿದ್ಧ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2022ರಲ್ಲಿ ಇಟಲಿಯ ವೆನೆಟೊ ಪ್ರಾಂತದಲ್ಲಿ ಮೊದಲ ವಿಶ್ವ ಗ್ರ್ಯಾವೆಲ್ ಚಾಂಪಿಯನ್‌ಷಿಪ್ ನಡೆಸಿತು. ಪುರುಷರಲ್ಲಿ ಬೆಲ್ಜಿಯಮ್ಮಿನ ಜಾನಿ ವರ್ಮೀರ್ಷ್, ಮಹಿಳೆಯರಲ್ಲಿ ಫ್ರಾನ್ಸಿನ ಪೌಲೀನ್ ಫೆರಾಂ ಪ್ರೆವೊ ಗೆದ್ದರು.

ಹಾಗಾದರೆ ಎರಡು ಸೈಕಲುಗಳ ನಡುವಣ ನಿಜವಾದ ವ್ಯತ್ಯಾಸವೇನು? ಮೊದಲನೆಯದು ಕುಳಿತುಕೊಳ್ಳುವ ಭಂಗಿ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ವೇಗ ದಾಟಿದರೆ ಸವಾರನ ಶ್ರಮದ ಬಹುಭಾಗ ಗಾಳಿಯನ್ನು ಸೀಳಲು ವ್ಯಯವಾಗುತ್ತದೆ. ಗಾಳಿಯ ವಿರುದ್ಧ ಬೇಕಾಗುವ ಶಕ್ತಿ ವೇಗದ ಘನದಂತೆ ಏರುತ್ತದೆ; ವೇಗ ಶೇ 20ರಷ್ಟು ಹೆಚ್ಚಬೇಕಾದರೆ ಶಕ್ತಿ ಶೇ 73ರಷ್ಟು ಹೆಚ್ಚಬೇಕು. ಆದ್ದರಿಂದ ರೋಡ್ ಸೈಕಲ್ ಸವಾರನನ್ನು ಬಗ್ಗಿಸಿ ಕೂರಿಸುತ್ತದೆ. ಗ್ರ್ಯಾವೆಲ್ ಸೈಕಲಿನ ಹ್ಯಾಂಡಲ್ ತುಸು ಎತ್ತರ, ಎರಡು ಚಕ್ರಗಳ ನಡುವಣ ಅಂತರ ತುಸು ಹೆಚ್ಚು. ಇದರಿಂದ ಸಡಿಲ ಜಲ್ಲಿಯಲ್ಲಿ ಸ್ಥಿರತೆ ಸಿಗುತ್ತದೆ, ಬೆನ್ನಿಗೂ ಸುಖ. ಆದರೆ ಎದೆ ಗಾಳಿಗೆ ಒಡ್ಡಿಕೊಳ್ಳುತ್ತದೆ.

ಎರಡನೆಯದು ಗೇರು. ಅನೇಕ ಗ್ರ್ಯಾವೆಲ್ ಸೈಕಲುಗಳಲ್ಲಿ ಪೆಡಲಿನ ಬಳಿ 40 ಹಲ್ಲಿನ ಒಂದೇ ಚಕ್ರವಿದ್ದರೆ, ರೋಡ್ ಸೈಕಲಿನಲ್ಲಿ ದೊಡ್ಡ ಚಕ್ರಕ್ಕೆ 50 ಹಲ್ಲು ಸಾಮಾನ್ಯ. ಹಿಂದೆ 11 ಹಲ್ಲಿನ ಗೇರಿಗೆ ಚೈನು ಹಾಕಿ, ನಿಮಿಷಕ್ಕೆ 90 ಸುತ್ತು ತುಳಿದರೆ ಮೊದಲನೆಯದು ಗಂಟೆಗೆ ಸುಮಾರು 41 ಕಿ.ಮೀ., ಎರಡನೆಯದು ಸುಮಾರು 51 ಕಿ.ಮೀ. ಓಡುತ್ತದೆ. ಸ್ಪರ್ಧಿಗೆ ಈ ಅಂತರ ದೊಡ್ಡದು. ಬೆಳಿಗ್ಗೆ ನಲವತ್ತು ಕಿಲೋಮೀಟರು ತುಳಿದು ಮನೆಗೆ ಮರಳುವವರಿಗೆ ಇದು ಇಳಿಜಾರಿನಲ್ಲಷ್ಟೇ ಗೊತ್ತಾಗುತ್ತದೆ.

ಮೂರನೆಯದು ಟೈರು. ದಪ್ಪ ಟೈರು ಎಂದರೆ ನಿಧಾನ ಎಂಬ ನಂಬಿಕೆ ಪೂರ್ತಿ ನಿಜವಲ್ಲ. ಒರಟು ರಸ್ತೆಯಲ್ಲಿ ಗಟ್ಟಿಯಾದ ತೆಳು ಟೈರು ಪ್ರತಿ ಕಲ್ಲಿಗೂ ಸವಾರನನ್ನೇ ಮೇಲೆತ್ತುತ್ತದೆ. ಕಡಿಮೆ ಗಾಳಿಯ ಅಗಲ ಟೈರು ಕಲ್ಲನ್ನು ತನ್ನೊಳಗೆ ನುಂಗಿಕೊಳ್ಳುತ್ತದೆ. ವೇಗ ಕುಂದಿಸುವುದು ಬಹುಮಟ್ಟಿಗೆ ಟೈರಿನ ಮೇಲಿನ ಗಂಟುಗಂಟಾದ ಹಲ್ಲುಗಳು. ವೃತ್ತಿನಿರತರೂ ಇದನ್ನು ಒಪ್ಪಿ 28, 30 ಮಿಲಿಮೀಟರಿನ ಟೈರುಗಳಿಗೆ ಬಂದಿದ್ದಾರೆ. 2018ರಲ್ಲಿ ರಸ್ತೆ ಪಂದ್ಯಗಳಿಗೆ ಡಿಸ್ಕ್ ಬ್ರೇಕಿನ ಪೂರ್ಣ ಅನುಮತಿ ದೊರೆತ ಮೇಲೆ, ರಿಮ್ ಹಿಡಿಯುವ ಬ್ರೇಕು ಒಡ್ಡುತ್ತಿದ್ದ ಇಕ್ಕಟ್ಟೂ ಇಲ್ಲವಾಯಿತು.

ರೋಡ್ ಸೈಕಲ್ ಜಲ್ಲಿಯ ಮೇಲೆ ಓಡುವುದೇ ಇಲ್ಲವೆ? ಓಡುತ್ತದೆ. ಇಟಲಿಯ ಟಸ್ಕನಿಯ ಬಿಳಿ ಜಲ್ಲಿ ದಾರಿಗಳಲ್ಲಿ 2007ರಿಂದ ನಡೆಯುತ್ತಿರುವ ಸ್ತ್ರಾದೆ ಬಿಯಾಂಕೆ ರೋಡ್ ಸೈಕಲುಗಳ ಪಂದ್ಯ. 2024ರ ಟೂರ್ ದ ಫ್ರಾನ್ಸ್‌ನಲ್ಲಿ ತ್ರುವಾ ಪಟ್ಟಣದ ಸುತ್ತಲಿನ ಒಂದು ಹಂತದಲ್ಲಿ 32 ಕಿ.ಮೀ. ಜಲ್ಲಿ ದಾರಿಯಿತ್ತು; ಫ್ರಾನ್ಸಿನ ಆಂಟನಿ ತುರ್ಜಿ ಗೆದ್ದ. ಆದರೆ ಈ ಸ್ಪರ್ಧಿಗಳ ಬೆನ್ನಿಗೆ ಬದಲಿ ಚಕ್ರ ಹೊತ್ತ ತಂಡದ ಕಾರುಗಳಿರುತ್ತವೆ. ಸಾಮಾನ್ಯ ಸವಾರನ ಸ್ಥಿತಿ ಹಾಗಲ್ಲ. ನಡುದಾರಿಯಲ್ಲಿ ಏನಾದರೂ ಮುರಿದರೆ ಆತ ಕ್ರಿಸ್ತೋಫನಂತೆಯೇ ಒಂಟಿ.

ಹೀಗಾಗಿ ಪ್ರಶ್ನೆಗೆ ಉತ್ತರ ಸವಾರನನ್ನು ಅವಲಂಬಿಸಿದೆ. ಗುಂಪಿನಲ್ಲಿ ಸ್ಪರ್ಧೆಯ ವೇಗಕ್ಕೆ ಓಡುವವರಿಗೆ ರೋಡ್ ಸೈಕಲಿಗೆ ಬದಲಿಯಿಲ್ಲ. ಉಳಿದವರಲ್ಲಿ ಹೆಚ್ಚಿನವರಿಗೆ ಗ್ರ್ಯಾವೆಲ್ ಸೈಕಲ್ ಸಾಕು. ನುಣುಪಾದ 32 ಮಿಲಿಮೀಟರಿನ ಟೈರು ತೊಡಿಸಿದರೆ ಅದು ಡಾಂಬರಿನ ಮೇಲೆ ತೃಪ್ತಿಕರವಾಗಿಯೇ ಓಡುತ್ತದೆ. ಅದೇ ಹಳೆಯ ಮಾದರಿಯ ರೋಡ್ ಸೈಕಲಿಗೆ 40 ಮಿಲಿಮೀಟರಿನ ಟೈರು ತೊಡಿಸಲು ಜಾಗವೇ ಇಲ್ಲ. ಅಗಲವಾದ ಸಂದಿನಲ್ಲಿ ತೆಳು ಟೈರು ಕೂರುತ್ತದೆ, ಕಿರಿದಾದ ಸಂದಿನಲ್ಲಿ ದಪ್ಪ ಟೈರು ಕೂರುವುದಿಲ್ಲ. ಕೊಳ್ಳುವ ಮೊದಲು ಬೆಲೆಯ ಜೊತೆಗೆ ಕೇಳಲೇಬೇಕಾದದ್ದು ಇದೊಂದೇ: ಈ ಫೋರ್ಕಿನಲ್ಲಿ ಎಷ್ಟು ಅಗಲದ ಟೈರು ಹಿಡಿಸುತ್ತದೆ?

ಟೂರ್ಮಲೆ ಘಟ್ಟದ ರಸ್ತೆಗೆ ಈಗ ಡಾಂಬರಿದೆ. ಸಾಂತ್ ಮರಿ ದ ಕಾಂಪಾನ್‌ನಲ್ಲಿ ಕ್ರಿಸ್ತೋಫನ ಹೆಸರಿನ ಫಲಕವೂ ಇದೆ. ಆದರೆ ಎಲ್ಲರ ಮನೆಯ ದಾರಿಗೂ ಡಾಂಬರು ಬಂದಿಲ್ಲ. ಬಂದದ್ದೂ ಮಳೆಗಾಲದ ನಂತರ ಹಾಗೆಯೇ ಉಳಿಯುವುದಿಲ್ಲ. ಅಂಥ ದಾರಿಯಲ್ಲಿ ದಿನವೂ ಓಡಾಡುವವರಿಗೆ ಬೇಕಾದದ್ದು ಮನೆ ಮುಟ್ಟಿಸುವ ಸೈಕಲ್.