ಉಷ್ಣಶಾಸ್ತ್ರದ ಹೊಸ್ತಿಲಲ್ಲಿ

ಪೊನ್ನಂಪೇಟೆಯಲ್ಲೂ ಕುಶಾಲನಗರದಲ್ಲೂ ಇಂಜಿನಿಯರಿಂಗ್ ಕಾಲೇಜುಗಳಿವೆ. ಯಂತ್ರಶಾಸ್ತ್ರವನ್ನು ಕಲಿಯಹೊರಟ ತರುಣನು ಎಲ್ಲಿಯಾದರೂ ಮೊದಲು ಎಡವುವ ಹೊಸ್ತಿಲು ಥರ್ಮೋಡೈನಮಿಕ್ಸ್. ಅಲ್ಲಿನ ಗಣಿತ ಸುಲಭ, ಪದಗಳೇ ಕಠಿಣ.

‘ಬಿಸಿ’ ಎಂಬ ಒಂದೇ ಮಾತಿನಲ್ಲಿ ನಾವು ಎರಡು ಸಂಗತಿಗಳನ್ನು ಬೆರೆಸುತ್ತೇವೆ. ಬಚ್ಚಲ ಹಂಡೆಯ ನೀರೂ ಅದರಿಂದ ಆಗತಾನೆ ಮೊಗೆದ ಚೊಂಬಿನ ನೀರೂ ಸಮಾನವಾಗಿ ಬಿಸಿ. ಆದರೆ ಹಂಡೆಗೆ ಸುಟ್ಟ ಸೌದೆಯೆಷ್ಟು, ಚೊಂಬಿಗೆ ಬೇಕಾದುದೆಷ್ಟು! ಸಮಾನವಾದುದು ತಾಪ, ಒಲೆಯಿಂದ ಹರಿದುಬಂದುದು ಉಷ್ಣ. ಹರಿಯುವಾಗ ಮಾತ್ರ ಅದಕ್ಕೆ ಆ ಹೆಸರು. ನೀರನ್ನು ಸೇರಿದ ಮೇಲೆ ಅದು ಆಂತರಿಕ ಶಕ್ತಿ. ಪೆಟ್ಟಿಗೆ ಸೇರಿದ ಹಣದಲ್ಲಿ ಕಾಫಿ ಮಾರಿ ಬಂದುದು ಯಾವುದು, ಮೆಣಸು ಮಾರಿ ಬಂದುದು ಯಾವುದು ಎಂದು ನಾಣ್ಯ ಹೇಳೀತೆ? ಹಾಗೆಯೇ ಶಕ್ತಿಯು ಉಷ್ಣವಾಗಿ ಬಂದಿತೋ ಕೆಲಸವಾಗಿ ಬಂದಿತೋ ಎಂಬುದನ್ನು ವಸ್ತು ನೆನಪಿಡದು. ಬಂದದ್ದು, ಹೋದದ್ದು, ಉಳಿದದ್ದು: ಈ ಜಮಾಖರ್ಚೇ ಮೊದಲನೆಯ ನಿಯಮ.

ಕೊಡಗಿನ ಮುಂಗಾರು ಇದಕ್ಕೆ ಒಳ್ಳೆಯ ಪಾಠ. ಅರಬ್ಬೀ ಸಮುದ್ರದ ತೇವದ ಗಾಳಿ ಘಟ್ಟವನ್ನೇರುತ್ತದೆ. ಮೇಲೆ ಒತ್ತಡ ಕಡಿಮೆ, ಗಾಳಿ ಹಿಗ್ಗುತ್ತದೆ. ಹಿಗ್ಗುವುದೆಂದರೆ ಸುತ್ತಲಿನ ಗಾಳಿಯನ್ನು ತಳ್ಳುವ ಕೆಲಸ. ಹೊರಗಿನಿಂದ ಉಷ್ಣ ಬಾರದಿರಲು, ಆ ಕೆಲಸದ ವೆಚ್ಚವನ್ನು ತನ್ನ ಆಂತರಿಕ ಶಕ್ತಿಯಿಂದಲೇ ತೆತ್ತು ತಣಿಯುತ್ತದೆ. ಒಣಗಾಳಿಯಾದರೆ ಕಿಲೋಮೀಟರಿಗೆ ಸುಮಾರು 10 ಡಿಗ್ರಿ. ಆವಿ ಹನಿಗೂಡುವಾಗ ಬಿಡುವ ಉಷ್ಣದಿಂದ ತೇವದ ಗಾಳಿಗೆ ಇನ್ನೂ ಕಡಿಮೆ. ಮಡಿಕೇರಿಯ ಮಂಜು ಈ ಜಮಾಖರ್ಚಿನ ಫಲ. ಅಲ್ಲಿ ನೀರು 100 ಡಿಗ್ರಿಗೆ ಮೊದಲೇ, ಸುಮಾರು 96ಕ್ಕೆ ಕುದಿಯುವುದಕ್ಕೂ ಒತ್ತಡದ ಇಳಿಕೆಯೇ ಕಾರಣ.

ಆದರೆ ಲೆಕ್ಕ ಸರಿಹೋದರೆ ಸಾಕೆ? ಹಂಡೆಯ ಉಷ್ಣ ಬಚ್ಚಲ ಗಾಳಿಗೆ ಹರಡುತ್ತದೆ. ಆ ತಂಪು ಗಾಳಿ ಅಷ್ಟನ್ನೂ ತಾನಾಗಿ ಹಂಡೆಗೆ ಮರಳಿಸಿದರೂ ಮೊದಲನೆಯ ನಿಯಮಕ್ಕೆ ಭಂಗವಿಲ್ಲ, ಆದರೂ ಹಾಗಾಗದು. ಆಗದೆನ್ನುವುದೇ ಎರಡನೆಯ ನಿಯಮ.

ಇದರ ಬೀಜವನ್ನು ಬಿತ್ತಿದವನು 28 ವರ್ಷದ ಫ್ರೆಂಚ್ ಇಂಜಿನಿಯರ್ ಸಾದಿ ಕಾರ್ನೊ. ಉಷ್ಣಯಂತ್ರದ ಗರಿಷ್ಠ ಸಾಮರ್ಥ್ಯವನ್ನು ನಿರ್ಣಯಿಸುವುವು ಎರಡು ತಾಪಗಳು ಮಾತ್ರ ಎಂದು ಅವನು 1824ರಲ್ಲಿ ತೋರಿಸಿದ. ಉಷ್ಣವು ನಾಶವಾಗದ ಒಂದು ದ್ರವವೆಂಬ ಅಂದಿನ ನಂಬಿಕೆಯಿಂದಲೇ ಹೊರಟು ಈ ಸತ್ಯವನ್ನು ಮುಟ್ಟಿದ! 1850ರಲ್ಲಿ ಕ್ಲಾಸಿಯಸ್ ಆ ನಂಬಿಕೆಯನ್ನು ಕಳಚಿ, ಎರಡು ನಿಯಮಗಳನ್ನೂ ಹೊಂದಿಸಿದ. ‘ಎಂಟ್ರೊಪಿ’ ಎಂಬ ಪದವನ್ನು ಅವನು ಟಂಕಿಸಿದ್ದು 1865ರಲ್ಲಿ.

ಮಹಾಮೇಧಾವಿಗಳಿಗೇ ನಲವತ್ತು ವರ್ಷ ಹಿಡಿದ ವಿಚಾರ ವಿದ್ಯಾರ್ಥಿಗೆ ಒಂದೇ ಅವಧಿಯಲ್ಲಿ ಒಲಿಯದಿದ್ದರೆ ಆಶ್ಚರ್ಯವೇನು? ಸೂತ್ರವನ್ನು ಕಂಠಪಾಠ ಮಾಡಿದವನಿಗೆ ಅಂಕ ಸಿಕ್ಕೀತು. ಯಾವ ವಸ್ತುವಿನ ಲೆಕ್ಕ, ಅದರ ಗಡಿಯೆಲ್ಲಿ, ಗಡಿ ದಾಟಿದ್ದೇನು ಎಂದು ಮೊದಲು ಕೇಳುವವನಿಗೆ ಶಾಸ್ತ್ರವೇ ಸಿಕ್ಕುತ್ತದೆ.